ನಂಜಮ್ಮ ಕೋಂ ದುಶೆನ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಲಿ ಬಿಡಿ. ಈ ಒಂದು ಕೆಲಸದಲ್ಲಿ ಅದು ಉಪಯೋಗಕ್ಕೆ ಬಂತು. ಫ್ರಾನ್ಸಿನ ಒಂದು ಮನೆತನದ ಸಂಘದವರು ಒಂದು ವರದಿಯ ಕೆಳಗೆ ನನ್ನ ಸಹಿ ಕೇಳಿದರು, ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎನ್ನುವುದನ್ನು ಬರೆದಿಡುತ್ತೇನೆ.

ನಾನು ಹಳೇಬೀಡಿನಲ್ಲಿ ಗೈಡ್. ಚಿಕ್ಕ ವಯಸ್ಸಿನಲ್ಲಿ ಹಟ ಹಿಡಿದು ಫ್ರೆಂಚ್ ಕಲಿತಿದ್ದರಿಂದ ಚಳಿಗಾಲದಲ್ಲಿ ಬರುವ ಫ್ರೆಂಚ್ ಗುಂಪುಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಬೆಳಿಗ್ಗೆ ಹಳೇಬೀಡು, ಊಟ, ಆಮೇಲೆ ಬೇಲೂರು. ಹಾಗೆ ಬಂದ ಒಂದು ಗುಂಪಿನಲ್ಲಿ ಬಿಳಿಗಡ್ಡದ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಉಳಿದವರು ಬಸ್ಸಿನ ಕಡೆ ಹೊರಟರೂ ಅವರು ಹುಲ್ಲಿನ ಮೇಲೆ ಕೂತು ಚೀಲದಿಂದ ಒಂದು ನಕ್ಷೆ ತೆಗೆದು ಹರಡಿದರು.

ನಕ್ಷೆಯ ತುಂಬ ಕೆಂಪು ಗೆರೆಗಳು. ಅವರ ಮನೆತನದ ಹೆಸರು ದುಶೆನ್. ಓಕ್ ಮರದ ಹತ್ತಿರ ಮನೆ ಕಟ್ಟಿಕೊಂಡಿದ್ದವರಿಗೆ ಊರವರು ಇಟ್ಟ ಹೆಸರಂತೆ. ನಮ್ಮ ಕಡೆಯೂ ಹುಣಸೇಮರದ ಮನೆಯವರು, ಬೇವಿನಮರದ ಮನೆಯವರು ಅನ್ನುತ್ತೇವಲ್ಲ, ಹಾಗೆ. ಆ ಹೆಸರು ಫ್ರಾನ್ಸಿನ ಪಶ್ಚಿಮದ ಒಂದು ಹಳ್ಳಿಯಿಂದ ಬಂದರಿಗೆ ಇಳಿದಿದೆ, ಅಲ್ಲಿಂದ ಹಡಗು ಹತ್ತಿ ಪುದುಚೇರಿಗೆ ಬಂದಿದೆ. ಪುದುಚೇರಿಯಿಂದ ಒಂದು ಗೆರೆ ಚುಕ್ಕಿ ಚುಕ್ಕಿಯಾಗಿ ಪಶ್ಚಿಮಕ್ಕೆ ಹೊರಟು, ಅರಸೀಕೆರೆ ಎಂದು ಬರೆದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆಯಲ್ಲಿ ನಿಂತಿತ್ತು.

"ಈ ಚುಕ್ಕಿಗಳನ್ನು ಗೆರೆ ಮಾಡಿಕೊಡುತ್ತೀರಾ?" ಎಂದರು. ಅವರು ಆ ಸಂಘದ ಕಾರ್ಯದರ್ಶಿ. ಲೋಕದ ದುಶೆನ್‌ಗಳೆಲ್ಲ ಸೇರಿ ಒಂದು ಪುಸ್ತಕ ತರುತ್ತಿದ್ದರು. ಮೈಸೂರು ಸೀಮೆಗೆ ಹೊರಟುಹೋದ ಒಬ್ಬ ದುಶೆನ್‌ನ ಸುದ್ದಿ ಪುದುಚೇರಿಯ ನಂತರ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಅರಸೀಕೆರೆಯಿಂದ ಒಬ್ಬ ಹೆಂಗಸು ಸಂಘಕ್ಕೆ ಪತ್ರ ಬರೆದು, ಬಿಕ್ಕೋಡಿನ ಕಾಫಿ ತೋಟದ ಅಂಚಿನಲ್ಲಿರುವ ಒಂದು ಸಮಾಧಿಯ ಫೋಟೋ ಕಳಿಸಿದ್ದಳು. ಅದು ಆತನದೇ ಎಂದು ಸಾಬೀತಾದರೆ ಸಂಘವೇ ಹೊಸ ಕಲ್ಲು ಹಾಕಿಸುವುದಾಗಿ ಒಪ್ಪಿಕೊಂಡಿತ್ತು. ನಾನು ಒಂದು ಕ್ಷಣವೂ ಯೋಚಿಸದೆ ಹೂಂ ಅಂದೆ. ಗೋಡೆಯ ಆನೆ ಕುದುರೆ ತೋರಿಸುತ್ತ ಇಪ್ಪತ್ತು ವರ್ಷ ಕಳೆದವಳಿಗೆ ಹೊಸ ಕೆಲಸ ಎಂದರೆ ಆಸೆಯಾಗದೆ ಇರುತ್ತದೆಯೇ?

ಮರುದಿನವೇ ಇಬ್ಬರೂ ಅರಸೀಕೆರೆಗೆ ಹೋದೆವು. ಪತ್ರ ಬರೆದ ಹೆಂಗಸು ಸ್ಟೇಷನ್ ಹಿಂದಿನ ಬೀದಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಅರವತ್ತರ ಆಸುಪಾಸು, ರೆಪ್ಪೆಯ ಮೇಲೂ ರಾಗಿಹಿಟ್ಟು. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಗಂಟಲೇ ಹಾಗಾಗಿಬಿಟ್ಟಿದೆ, ಗುಟ್ಟು ಹೇಳಿದರೂ ಎದುರು ಅಂಗಡಿಗೆ ಕೇಳಿಸುತ್ತದೆ. ನಾನು ಅವರನ್ನು ಮೊದಲ ದಿನದಿಂದಲೇ ಅಕ್ಕ ಅಂದೆ. ಅವರ ತಾತ ರೈಲ್ವೆಯಲ್ಲಿದ್ದವರು, ಆ ತಾತನ ಅಪ್ಪನೇ ಸಂಘದವರು ಹುಡುಕುತ್ತಿದ್ದ ದುಶೆನ್.

"ನಮ್ಮನೇಲಿ ಭಾನುವಾರ ಚರ್ಚು, ಸೋಮವಾರದಿಂದ ಮುದ್ದೆ. ಇಷ್ಟೇ ಕಣಮ್ಮ ನಮ್ ಫ್ರಾನ್ಸು," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಾರ್ಯದರ್ಶಿಯ ಕಡೆ ತಿರುಗಿದರು. "ಇವ್ರಿಗೆ ಸರಿಯಾಗಿ ಹೇಳು. ನಂಗೆ ಅವ್ರ ಪುಸ್ತಕ ಬ್ಯಾಡ, ಫ್ರಾನ್ಸೂ ಬ್ಯಾಡ. ಆ ದೊರೆಗೆ ಕಲ್ಲು ಹಾಕ್ಸೋದಾದ್ರೆ ಅದ್ರ ಮ್ಯಾಲೆ ನಮ್ಮಪ್ಪನ ಅಜ್ಜಿ ಹೆಸ್ರೂ ಇರ್ಬೇಕು. ನಂಜಮ್ಮ. ಅವ್ನ ಹೆಂಡ್ತಿ. ಅಷ್ಟೇ ನಾನು ಕೇಳೋದು."

ನಾನು ಫ್ರೆಂಚಿನಲ್ಲಿ ಹೇಳಿದೆ. ಕಾರ್ಯದರ್ಶಿ ಮರ್ಯಾದಸ್ಥ ಮನುಷ್ಯ, ತಲೆಬಾಗಿಸಿ ಕೇಳಿಸಿಕೊಂಡು, ಚೀಲದಿಂದ ಒಂದು ಫಾರಂ ತೆಗೆದರು. ಹೆಸರು ಹೊತ್ತ ಪ್ರತಿಯೊಬ್ಬರಿಗೂ ಅವರಲ್ಲಿ ಒಂದು ಫಾರಂ. ಕೊನೆಯಲ್ಲಿ ಎರಡು ಚೌಕ. ಮದುವೆಯ ದಾಖಲೆ ಸಿಕ್ಕರೆ ಮೊದಲನೆಯ ಚೌಕಕ್ಕೆ ಗುರುತು, ಅಂಥವರು ಪುಸ್ತಕದೊಳಗೆ ಬರುತ್ತಾರೆ. ಸಿಗದಿದ್ದರೆ ಎರಡನೆಯದಕ್ಕೆ. ಅದರ ಮುಂದೆ "ಹೆಸರನ್ನು ಪಡೆದುಕೊಂಡವರು" ಎಂದಿತ್ತು. ಹಿಂದಿನ ಕಾಲದಲ್ಲಿ ಆಳುಕಾಳುಗಳು ಯಜಮಾನನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದುದುಂಟು, ಅಂಥವರು ಪುಸ್ತಕದ ಕೊನೆಯ ಅನುಬಂಧಕ್ಕೆ ಹೋಗುತ್ತಾರೆ, ಅವರ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ. ಬೇಕಾದರೆ ಅಕ್ಕನವರು ಎಂಜಲಿನ ಡಿಎನ್‌ಎ ಪರೀಕ್ಷೆ ಮಾಡಿಸಬಹುದು, ರಕ್ತಸಂಬಂಧವಾದರೂ ಗೊತ್ತಾಗುತ್ತದೆ ಎಂದರು.

"ಉಗುಳು ಕೇಳ್ತಾನಾ?" ಅಕ್ಕ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. "ನಮ್ಮಪ್ಪನ ಅಜ್ಜಿಗೆ ಮಗು ಆಗಿತ್ತು ಅಂತ ಹೇಳ್ತದೆ ಉಗುಳು. ಅದು ನಂಗೆ ಗೊತ್ತಿಲ್ವಾ? ಅವ್ಳು ಹೆಂಡ್ತಿ ಆಗಿದ್ಲು ಅಂತ ಹೇಳ್ತದಾ ಉಗುಳು? ಕೇಳಮ್ಮ ಅವ್ರನ್ನ."

ಕೇಳಿದೆ. ಹೇಳುವುದಿಲ್ಲ ಎಂದು ಅವರು ಒಪ್ಪಿಕೊಂಡರು. ಎರಡು ದಿನ ಬಿಟ್ಟು ಊರಿಗೆ ವಾಪಸು ಹೊರಟರು. ಫಾರಂ, ನಕ್ಷೆಯ ಒಂದು ಪ್ರತಿ ಮತ್ತು ಕೆಲಸ ನನ್ನ ಹತ್ತಿರ ಉಳಿದವು.

ಮೊದಲು ಬಿಕ್ಕೋಡಿಗೆ ಹೋದೆ. ತೋಟದ ಜೀಪಿನವನೊಬ್ಬ ಸಮಾಧಿಯವರೆಗೆ ಕರೆದುಕೊಂಡು ಹೋದ. ಲಂಟಾನ ಸವರಿ ನೋಡಿದರೆ ಬರೀ ಒಂದು ಶಿಲುಬೆ, ಅದರ ಕೆಳಗೆ ಅಕ್ಷರ ಇದ್ದ ಜಾಗವೆಲ್ಲ ಪಾಚಿ ತಿಂದು ಸವೆದುಹೋಗಿದೆ. ತೋಯಿಸಿ ನೋಡಿದೆ, ಓರೆಯಾಗಿ ಬ್ಯಾಟರಿ ಬಿಟ್ಟು ನೋಡಿದೆ, ಕಾಗದ ಇಟ್ಟು ಇದ್ದಿಲು ಉಜ್ಜಿ ನೋಡಿದೆ. ನಮ್ಮ ಹಳೇಬೀಡಿನ ಸವೆದ ಶಾಸನ ಓದಲು ಮಾಡುವ ಕಸರತ್ತನ್ನೆಲ್ಲ ಮಾಡಿದರೂ ಒಂದಕ್ಷರ ಏಳಲಿಲ್ಲ. ತೋಟ ಎಷ್ಟೋ ಕೈ ಬದಲಾಗಿತ್ತು, ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು.

ಆಮೇಲೆ ಚರ್ಚುಗಳ ರಿಜಿಸ್ಟರು. ಅಕ್ಕನ ತಾತನ ದೀಕ್ಷಾಸ್ನಾನದ ದಾಖಲೆ ಸಿಕ್ಕಿತು. ರೈಲ್ವೆಗೆ ಸೇರುವ ಹೊತ್ತಿನಲ್ಲಿ, ದೊಡ್ಡವರಾದ ಮೇಲೆ ಮಾಡಿಸಿದ್ದು. ಅದರಲ್ಲಿ ಅವರ ಹೆಸರಿತ್ತು, ತಂದೆತಾಯಿಯ ಕಾಲಂ ಖಾಲಿ ಇತ್ತು. ಮದುವೆಯ ರಿಜಿಸ್ಟರಿನಲ್ಲಿ ದುಶೆನ್ ಇಲ್ಲ. ಮರಣದ ರಿಜಿಸ್ಟರಿನಲ್ಲೂ ಇಲ್ಲ. ಬೇಲೂರಿನ ತಾಲ್ಲೂಕು ಕಚೇರಿಗೆ ಹೋಗಿ ಸಂಘದ ಹೆಸರಿನಲ್ಲೇ ಒಂದು ಅರ್ಜಿ ಹಾಕಿ, ರೆಕಾರ್ಡ್ ರೂಮಿನ ಹಳೆಯ ಜಮೀನು ಪುಸ್ತಕಗಳ ಹೆಸರಿನ ಪಟ್ಟಿಯಲ್ಲಿ "ದ" ಎನ್ನುವ ಅಕ್ಷರದ ಪುಟಗಳನ್ನು ಮೂರು ದಿನ ತಿರುವಿದೆ. ದಾಸೇಗೌಡ, ದೇವೀರಮ್ಮ, ದೊಡ್ಡತಾಯಮ್ಮ. ದುಶೆನ್ ಇರಲೇ ಇಲ್ಲ. ತಿಂಗಳು ಮುಗಿಯುತ್ತ ಬಂದಿತ್ತು, ತಲೆ ಚಿಟ್ಟು ಹಿಡಿದಿತ್ತು.

ಈಗ ನಾಚಿಕೆಗೇಡಿನ ಭಾಗ ಹೇಳಲೇಬೇಕು. ಮನೆಗೆ ಬಂದು ವರದಿ ಬರೆದೆ. ನಿಯಮ ಎಂದರೆ ನಿಯಮ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎರಡನೆಯ ಚೌಕಕ್ಕೆ ಗುರುತು ಹಾಕಿದೆ. ಕಳಿಸುವ ಮೊದಲು ಅಕ್ಕನಿಗೆ ಒಂದು ಮಾತು ಹೇಳಿಬಿಡೋಣ ಎಂದು ಅರಸೀಕೆರೆಗೆ ಹೋದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಫ್ರೆಂಚ್ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಓದಲು ಬರದಿದ್ದರೂ ಪ್ರತಿ ಸಾಲಿನ ಮೇಲೂ ಬೆರಳಾಡಿಸಿದರು.

"ಇದ್ರಲ್ಲಿ ನಮ್ಮಜ್ಜಿ ಎಲ್ಲವ್ಳೆ?" ಎಂದರು.

ಎಲ್ಲೂ ಇರಲಿಲ್ಲ. ಎಂಟು ಪುಟದಲ್ಲಿ ನಂಜಮ್ಮ ಎನ್ನುವ ಹೆಸರನ್ನು ನಾನು ಒಂದು ಸಲವೂ ಬರೆದಿರಲಿಲ್ಲ. ಎರಡನೆಯ ಚೌಕಕ್ಕೆ ಹೆಸರು ಬೇಕಾಗುವುದಿಲ್ಲ, ಗುರುತು ಹಾಕಿದರೆ ಸಾಕು.

"ಒಂದು ತಿಂಗ್ಳು ಓಡಾಡ್ದೆ. ಯಾರ್ನ ಹುಡುಕ್ದೆ ನೀನು?"

"ದುಶೆನ್‌ನ ಹುಡುಕಿದೆ ಅಕ್ಕ."

"ಅವ್ನ ಹೆಸ್ರು ಹಿಡ್ಕಂಡು ಹುಡುಕುದ್ರೆ ಇಲ್ಲಿ ಯಾರಿಗ್ ಗೊತ್ತು? ನೀನೂ ಹೆಂಗ್ಸೇ ಅಲ್ವೇನೇ?"

ಮುಖಕ್ಕೆ ಹೊಡೆದ ಹಾಗಾಯಿತು. ಸಿಟ್ಟೂ ಬಂತು, ಆದರೆ ಯಾರ ಮೇಲೆ ಮಾಡುವುದು? ವರದಿಯನ್ನೂ ಫಾರಂ ಅನ್ನೂ ಅಲ್ಲೇ ಹರಿದೆ. ಅಕ್ಕ ಗದರಿದರು, "ಮಿಲ್ಲಲ್ಲಿ ಕಸ ಮಾಡ್ಬ್ಯಾಡ, ಎತ್ಕೋ." ಎತ್ತಿಕೊಂಡೆ. ಆಮೇಲೆ ಪಕ್ಕದಲ್ಲಿ ಕೂತು, ಅಜ್ಜಿಯ ವಿಚಾರ ಏನು ನೆನಪಿದ್ದರೂ ಹೇಳಿ ಎಂದು ಬೇಡಿಕೊಂಡೆ. ಅವರಿಗೆ ನೆನಪಿದ್ದದ್ದು ಒಂದೇ. ಅವರು ಚಿಕ್ಕವರಿದ್ದಾಗ ಅವರಪ್ಪ ವರ್ಷಕ್ಕೊಂದು ಸಲ ಬಸ್ಸಿನಲ್ಲಿ ಹಗರೆಗೆ ಹೋಗುತ್ತಿದ್ದರು. ಮಗಳನ್ನು ಹೋಟೆಲಿನಲ್ಲಿ ಕೂರಿಸಿ, ಹಣ್ಣುಕಾಯಿ ಚೀಲ ಹಿಡಿದು ಒಬ್ಬರೇ ಹೊಲದ ಕಡೆ ಹೋಗಿ ಬರುತ್ತಿದ್ದರು.

ಮಾರನೆಯ ಬೆಳಿಗ್ಗೆ ಹಗರೆಯಲ್ಲಿ ಇಳಿದೆ. ಹಾಲಿನ ಡೈರಿಯ ಮುಂದೆ ಜನ ಕ್ಯಾನು ಹಿಡಿದು ನಿಂತಿದ್ದರು. ಅಭ್ಯಾಸಬಲ ನೋಡಿ, ಮೊದಲು ನನ್ನ ಬಾಯಿಂದ ಬಂದದ್ದು "ದುಶೆನ್ ಅಂತ ಒಬ್ಬ ದೊರೆ" ಎಂದೇ. ಎಲ್ಲರೂ ತಲೆಯಾಡಿಸಿದರು. ನಾಲಿಗೆ ಕಚ್ಚಿಕೊಂಡು, "ನಂಜಮ್ಮ ಅಂತ ಇದ್ರಾ?" ಎಂದೆ.

"ನಂಜಮ್ಮನ ತೋಟ ಐತಲ್ಲ, ಕಾಲುದಾರೀಲಿ ಹೋಗಿ," ಅಂದಳು ಒಬ್ಬ ಹೆಂಗಸು, ಇದೇನು ದೊಡ್ಡ ವಿಷಯ ಎನ್ನುವ ಹಾಗೆ.

ಅದು ತೆಂಗಿನ ತೋಟ. ಈಗಿನ ಮಾಲೀಕರು ವಯಸ್ಸಾದ ರೈತರು, ಮಡಿಲಲ್ಲಿ ಗರಿ ಹಾಕಿಕೊಂಡು ಕಡ್ಡಿ ಸೀಳುತ್ತ ಕೂತಿದ್ದರು. ಅವರ ತಾತ ಕೊಂಡ ಜಮೀನು. ತೋಟದ ಮೂಲೆಯಲ್ಲಿ, ಬದುವಿನ ಪಕ್ಕ, ಅರಿಶಿನ ಕುಂಕುಮ ಹಚ್ಚಿದ ಒಂದು ಒರಟು ಕಲ್ಲು ತೋರಿಸಿದರು.

"ಇದೇ ನಂಜಮ್ಮ. ಹಿರೀಕರ ಹಬ್ಬದಾಗೆ ನಮ್ಮೋರಿಗೆ ಎಡೆ ಇಡ್ತೀವಲ್ಲ, ಇವ್ರಿಗೂ ಒಂದು ಎಲೆ ಹಾಕ್ತೀವಿ. ಜಮೀನು ಕೊಡೋವಾಗ ಅವ್ರ ಮಗ ನಮ್ ತಾತನ ತಾವ ಮಾತು ತಗಂಡಿದ್ನಂತೆ, ನಮ್ಮವ್ವನ್ನ ಉಪಾಸ ಕೆಡವಬ್ಯಾಡಿ ಅಂತ."

"ನಿಮಗೆ ಅವರು ಯಾರು, ಏನು ಗೊತ್ತಾ?"

"ಯಾರಾದ್ರೇನು ತಾಯಿ, ಅವ್ರ ಮಣ್ಣಾಗೆ ಉಣ್ತಾ ಇದೀವಲ್ಲ." ಹೀಗೆಂದು ಒಳಗೆ ಹೋಗಿ ಪಹಣಿ ತಂದು ಸರ್ವೆ ನಂಬರು ಬರೆದುಕೊಳ್ಳಲು ಕೊಟ್ಟರು.

ಅವತ್ತೇ ಮಧ್ಯಾಹ್ನ ಬೇಲೂರಿನ ರೆಕಾರ್ಡ್ ರೂಮಿನಲ್ಲಿದ್ದೆ. ಅಲ್ಲಿನ ರೆಕಾರ್ಡ್ ಕೀಪರು ತಾಳ್ಮೆಯ ಮನುಷ್ಯರು, ನನ್ನ ಮೂರು ದಿನದ ಪರದಾಟವನ್ನು ದೂರದಿಂದ ನೋಡಿದ್ದವರು. ನಂಜಮ್ಮ ಎಂದದ್ದೇ ಅವರು ಮುಗುಳ್ನಕ್ಕರು.

"ಮೇಡಂ, ನೀವು ಮನೆತನದ ಹೆಸರು ಹಿಡ್ಕೊಂಡು ಹುಡುಕ್ತಿದ್ರಾ? ಈ ಪಟ್ಟೀಲಿ ಮನೆತನ ಯಾರ್ದೂ ಇಲ್ಲ ಕಣ್ರೀ. ಮನುಷ್ಯರ ಹೆಸ್ರು ಮಾತ್ರ."

ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ನನ್ನ ಹೆಸರಿನ ಮುಂದಿರುವುದೂ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ ಅಷ್ಟೇ. ಫ್ರೆಂಚರ ನಕ್ಷೆ ಕೈಗೆ ಬಂದದ್ದೇ ತಡ, ನನ್ನ ಊರನ್ನೇ ಫ್ರೆಂಚರ ಹಾಗೆ ನೋಡತೊಡಗಿದ್ದೆ.

ಪುಸ್ತಕ ಬಂತು. ಪುಟದ ಅಂಚು ಪುಡಿಯಾಗುತ್ತಿತ್ತು, ಶಾನುಭೋಗರ ಅಕ್ಷರ ಮಾತ್ರ ಮಣಿ ಪೋಣಿಸಿದ ಹಾಗಿತ್ತು. ಸರ್ವೆ ನಂಬರಿನ ಮುಂದೆ ಜಮೀನಿನ ಯಜಮಾನರ ಹೆಸರು: ನಂಜಮ್ಮ ಕೋಂ ದುಶೆನ್ ದೊರೆ. ಅದರ ಕೆಳಗಿನ ಸಾಲಿನಲ್ಲಿ, ಆಕೆ ತೀರಿಕೊಂಡ ಮೇಲೆ ಜಮೀನು ಹೋದದ್ದು ಚಿನ್ನಪ್ಪ ಬಿನ್ ದುಶೆನ್ ದೊರೆಗೆ. ಚಿನ್ನಪ್ಪ ಎಂದರೆ ಅಕ್ಕನ ತಾತ. ನಮ್ಮ ಕಡೆಯ ಜಮೀನು ಕಾಗದ ನೋಡಿದವರಿಗೆಲ್ಲ ಗೊತ್ತು, ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಕೋಂ ಎನ್ನುವ ಆ ಒಂದಕ್ಷರ ನೋಡುತ್ತ ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ರೆಕಾರ್ಡ್ ಕೀಪರು ಗಾಬರಿಯಾಗಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು, ಕಣ್ಣೀರು ಬಿದ್ದರೆ ಮಸಿ ಕಲಸಿಹೋಗುತ್ತದೆ ಎಂದು.

"ಮನೇಲಿಟ್ಕೊಂಡ ಹೆಂಗಸಿಗೂ ಹೀಗೆ ಕೋಂ ಬರೀತಿದ್ರಾ ಸಾರ್?" ಎಂದು ಕೇಳಿದೆ. ಈ ಪ್ರಶ್ನೆ ಮುಂದೆ ಬಂದೇ ಬರುತ್ತದೆ ಎಂದು ಗೊತ್ತಿತ್ತು.

"ಎಲ್ಲಾದ್ರೂ ಉಂಟಾ? ಅಂಥವರಿಗೆ ಅಪ್ಪನ ಹೆಸ್ರು ಹಾಕಿ ಬಿಡ್ತಿದ್ರು. ಪಟೇಲ್ರು ಎದುರಿಗೆ ಕೂತು ಬರ್ಸೋ ಪುಸ್ತಕ ಇದು. ಊರು ಒಪ್ಪಿದ್ರೆ ಮಾತ್ರ ಕೋಂ."

ದೃಢೀಕರಿಸಿದ ನಕಲು ಬೇಕಾದರೆ ತುಂಬಿಕೊಡಿ ಎಂದು ಹೊಸ ಅರ್ಜಿಯ ಹಾಳೆ ಕೊಟ್ಟರು. ಅರ್ಜಿದಾರರು ಎನ್ನುವ ಕಡೆ ಈ ಸಲವೂ ಸಂಘದ ಹೆಸರು ಬರೆಯಬೇಕಿತ್ತು, ಅವರ ಕೆಲಸ ತಾನೇ. ಪೆನ್ನು ಊರಿದವಳು ನಿಲ್ಲಿಸಿದೆ. ಅರ್ಜಿಯನ್ನು ಮಡಚಿಕೊಂಡು ಅರಸೀಕೆರೆಗೆ ಹೋಗಿ ಅಕ್ಕನ ಹೆಸರು ಬರೆದು, ಅವರ ಸಹಿ ಹಾಕಿಸಿ, ಮರುದಿನ ತಂದು ಕೊಟ್ಟೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆ ಅದು.

ನಕಲು ಕೈಗೆ ಬಂದ ಮೇಲೆ ಕಾರ್ಯದರ್ಶಿಗೆ ವಿಡಿಯೋ ಕಾಲ್ ಮಾಡಿದೆವು. ಕರೆಂಟು ಹೋಗಿತ್ತು, ಮಿಲ್ಲು ನಿಂತಿತ್ತು, ಸಾಲಿನಲ್ಲಿ ಡಬ್ಬ ಇಟ್ಟು ಕಾಯುತ್ತಿದ್ದ ಹೆಂಗಸರೂ ನಮ್ಮ ಸುತ್ತ ಕೂತರು. ಕಾಗದ ತೋರಿಸಿ, ಸಾಲು ಸಾಲಾಗಿ ಅನುವಾದಿಸಿ ಹೇಳಿದೆ. ಕಾರ್ಯದರ್ಶಿಯ ಮುಖ ಅರಳಿತು. "ಸಿಕ್ಕಿದ! ನಮ್ಮವನು ಸಿಕ್ಕಿದ!" ಎಂದು ಎದ್ದೇ ನಿಂತರು. ಆಮೇಲೆ ಕೂತು, ಗಡ್ಡ ನೀವಿಕೊಂಡರು.

"ಆದರೆ ಇದು ಜಮೀನಿನ ಕಾಗದ, ಮದುವೆಯ ದಾಖಲೆಯಲ್ಲ. ಆತನಿಗೆ ಒಂದು ಪೂರ್ತಿ ಅಧ್ಯಾಯ ಕೊಡೋಣ. ಆಕೆಯ ಮತ್ತು ಮಕ್ಕಳ ವಿಷಯ ಅನುಬಂಧದಲ್ಲಿರಲಿ. ಕಲ್ಲಿನ ಮೇಲೆ ಆತನ ಹೆಸರು ಮಾತ್ರ. ಹಾಗೆ ಬರೆದು ಸಹಿ ಮಾಡಿ ಕಳಿಸಿಬಿಡಿ."

ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಸುತ್ತ ಇದ್ದ ಹೆಂಗಸರಲ್ಲಿ ಒಬ್ಬಳು, "ಅಯ್ಯೋ ಇವ್ನ ಬಾಯಿಗ್ ಮಣ್ಣಾಕ," ಎಂದಳು. ಅದನ್ನು ಅನುವಾದಿಸಲಿಲ್ಲ. ಅಕ್ಕ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದರು.

"ಸ್ವಾಮಿ, ನಿಮ್ಮೋರು ಇಲ್ಲಿಗ್ ಬಂದಾಗ ಅವ್ರಿಗೆ ಒಂದ್ ತುತ್ತು ಹಾಕ್ದೋರು ಯಾರು? ಈ ಕಾಗ್ದದಾಗೆ ಮೊದ್ಲು ಯಾರ ಹೆಸ್ರೈತೆ? ಮೊದ್ಲು ನಂಜಮ್ಮ, ಆಮೇಲೆ ನಿಮ್ಮೋನು. ಮುಂದಿನ್ ಹೆಸ್ರು ಅಳಿಸಿ ಹಿಂದಿನ್ ಹೆಸ್ರು ಇಟ್ಕಂತೀರಾ?"

ನಾನು ಅದನ್ನು ಅನುವಾದಿಸುತ್ತ ಅನುವಾದಿಸುತ್ತ ಸುಮ್ಮನಿರಲಾಗದೆ ನನ್ನ ಮಾತೂ ಸೇರಿಸಿದೆ. "ಸಮಾಧಿಯಲ್ಲಿ ಅಕ್ಷರವಿಲ್ಲ. ಚರ್ಚಿನಲ್ಲಿ ಆತನಿಲ್ಲ, ತೋಟದಲ್ಲಿ ಆತನಿಲ್ಲ. ಆತ ಈ ಸೀಮೆಯಲ್ಲಿ ಉಸಿರಾಡಿದ್ದ ಎಂದು ನನಗೆ ಸಿಕ್ಕ ಒಂದೇ ಕಾಗದ ಇದು. ಇದರಲ್ಲಿ ಆತ ಫ್ರೆಂಚನೂ ಅಲ್ಲ, ಪುದುಚೇರಿಯವನೂ ಅಲ್ಲ. ನಂಜಮ್ಮನ ಗಂಡ, ಚಿನ್ನಪ್ಪನ ಅಪ್ಪ. ಈ ಕಾಗದ ಸುಳ್ಳಾದರೆ ನಿಮ್ಮವನು ಇಲ್ಲಿಗೆ ಬಂದೇ ಇಲ್ಲ. ನಿಜವಾದರೆ ಆಕೆ ಹೆಂಡತಿ. ಎರಡರಲ್ಲಿ ಒಂದು ಆರಿಸಿಕೊಳ್ಳಿ."

ಸಂಘದ ಸಮಿತಿಯ ಮುಂದೆ ಇಡುತ್ತೇನೆ ಎಂದರು ಕಾರ್ಯದರ್ಶಿ.

ಎರಡು ವಾರಕ್ಕೆ ಸಮಿತಿಯ ಪತ್ರ ಬಂತು. ನಿಯಮ ಬದಲಾಗುವುದಿಲ್ಲ. ನಾನು ಸಹಿ ಹಾಕಿ, ದಾಖಲೆಯ ನಕಲನ್ನು ಪ್ರಕಟಣೆಗೆ ಕಳಿಸಬೇಕು. ಮುಂದಿನ ಚಳಿಗಾಲದಲ್ಲಿ ಬರಲಿರುವ ಸಂಘದ ಗುಂಪುಗಳಿಗೆ ನಾನೇ ಗೈಡ್ ಆಗಬೇಕೆಂಬ ಆಸೆಯಿದೆ, ಅದಕ್ಕೆ ತೊಡಕಾಗದಿರಲಿ ಎಂದು ಕೊನೆಯಲ್ಲಿ ಸೇರಿಸಿದ್ದರು. ಓದಿ ಮೈಯೆಲ್ಲ ಉರಿಯಿತು. ಹಳೇಬೀಡಿನವರನ್ನು ಹೆದರಿಸುವುದು ಇಷ್ಟು ಸುಲಭ ಎಂದುಕೊಂಡರೇನೋ.

ಅವತ್ತೇ ಉತ್ತರ ಬರೆದೆ. ನಕಲು ಸಂಘದ್ದಲ್ಲ, ಅರ್ಜಿದಾರರಾದ ಮಿಲ್ಲಿನ ಒಡತಿಯದು. ನಂಜಮ್ಮನನ್ನು ಬಿಟ್ಟು ಅದನ್ನು ಅಚ್ಚು ಹಾಕಲು ಅವರ ಒಪ್ಪಿಗೆಯಿಲ್ಲ. ನನ್ನ ಸಹಿಯೂ ಇಲ್ಲ. ಮುಂದಿನ ಚಳಿಗಾಲಕ್ಕೆ ಬೇರೆ ಗೈಡ್ ನೋಡಿಕೊಳ್ಳಿ. ಸಮಿತಿಯವರು ಪತ್ರದ ಜೊತೆ ಇಟ್ಟಿದ್ದ ಹೊಸ ಫಾರಂ ಅನ್ನೂ ಖಾಲಿಯಾಗಿಯೇ ವಾಪಸು ಕಳಿಸಿದೆ, ಎರಡು ಚೌಕದಲ್ಲೂ ಗುರುತಿರಲಿಲ್ಲ.

ಅವರ ಪುಸ್ತಕ ಹೊರಬಂತು ಎಂದು ಆಮೇಲೆ ತಿಳಿಯಿತು. ನಕ್ಷೆಯಲ್ಲಿ ಕೆಂಪು ಗೆರೆ ಪುದುಚೇರಿಯಲ್ಲೇ ನಿಂತಿದೆಯಂತೆ. ನಿಲ್ಲಲಿ. ಆ ಚಳಿಗಾಲ ನನಗೆ ಫ್ರೆಂಚ್ ಗುಂಪುಗಳು ಕಡಿಮೆ ಬಂದವು. ನಾನು ಶಾಲೆಯ ಮಕ್ಕಳನ್ನು ಹುಲಿಕೆರೆಯ ಕಲ್ಯಾಣಿಗೆ ಕರೆದುಕೊಂಡು ಹೋಗಿ ಮೆಟ್ಟಿಲಿಳಿಸುತ್ತ ಕಾಲ ಕಳೆದೆ.

ಕಲ್ಲನ್ನು ಅಕ್ಕನೇ ಮಾಡಿಸಿದರು. ನಮ್ಮೂರಿನ ಕಲ್ಲುಕುಟಿಗರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಿಕ್ಕೋಡಿಗೆ ಬೇಡ, ಹಗರೆಗೆ ಎಂದು ಅಕ್ಕ ತೀರ್ಮಾನಿಸಿದ್ದರು. ತೋಟದ ಯಜಮಾನರು ಆಗಲೇ ಬದುವಿನ ಪಕ್ಕ ಗುಣಿ ತೋಡಿಸಿಟ್ಟಿದ್ದರು.

"ಯಾರ ಹೆಸ್ರು ದೊಡ್ಡದಾಗಿ ಹೊಡೀಲಿ?" ಎಂದು ಕಲ್ಲುಕುಟಿಗರು ಕೇಳಿದರು.

"ಕಾಗ್ದದಾಗೆ ಹೆಂಗೈತೋ ಹಂಗೇ ಹೊಡೀರಿ," ಎಂದು ಅಕ್ಕ ನಕಲನ್ನು ಮುಂದೆ ಹಿಡಿದರು.

ಹಿರಿಯರ ಹಬ್ಬದ ದಿನ ಕಲ್ಲು ನಿಲ್ಲಿಸಿದೆವು. ರೈತರ ಮನೆಯವರು ಎಲೆ ಹಾಕಿದರು. ಅಕ್ಕ ತಮ್ಮ ಮಿಲ್ಲಿನ ಹಿಟ್ಟಿನಿಂದ ಮುದ್ದೆ ಮಾಡಿ ತಂದಿದ್ದರು. ಎಲೆ ಒಂದೇ ಇತ್ತು. ರೈತರ ಸೊಸೆ ಇನ್ನೊಂದು ಎಲೆ ತಂದು ಪಕ್ಕದಲ್ಲಿ ಹಾಸಿ, "ಗಂಡನ ಹೆಸ್ರೂ ಐತಲ್ಲ ಕಲ್ನಾಗೆ, ಅವ್ರೂ ಉಣ್ಲಿ," ಎಂದಳು. ಅಕ್ಕ ಬೇಡ ಅನ್ನಲಿಲ್ಲ.

ಹೋದ ತಿಂಗಳು ಕಾರ್ಯದರ್ಶಿಯಿಂದ ಒಂದು ಪತ್ರ ಬಂದಿದೆ. ಸಂಘದ ಪರವಾಗಿ ಅಲ್ಲ, ತಮ್ಮ ಪರವಾಗಿ. ಕಲ್ಲು ನಿಲ್ಲಿಸಿದ ಸುದ್ದಿ ಹೇಗೋ ತಿಳಿಯಿತಂತೆ. ಒಂದು ಫೋಟೋ ಕಳಿಸಬಹುದೇ, ಪುಸ್ತಕದ ತಮ್ಮ ಸ್ವಂತ ಪ್ರತಿಯಲ್ಲಿ ಅಂಟಿಸಿಕೊಳ್ಳುತ್ತೇನೆ ಎಂದು ಕೇಳಿದ್ದಾರೆ. ಅಕ್ಕನನ್ನು ಕೇಳಿದೆ. ಅವರು ಹೇಳಿದ್ದನ್ನೇ ಫ್ರೆಂಚಿನಲ್ಲಿ ಬರೆದು ಕಳಿಸಿದ್ದೇನೆ: ಫೋಟೋ ಇಲ್ಲ, ನೋಡಬೇಕೆನಿಸಿದರೆ ಬನ್ನಿ, ಊಟ ಹಾಕುತ್ತೇವೆ. ಹಗರೆಯಲ್ಲಿ ಬಸ್ಸಿಳಿದು ನಂಜಮ್ಮನ ತೋಟ ಎಲ್ಲಿ ಎಂದು ಕೇಳಿ. ನಿಮ್ಮ ಹೆಸರು ಹೇಳಬೇಡಿ, ಅಲ್ಲಿ ಅದು ಯಾರಿಗೂ ಗೊತ್ತಿಲ್ಲ.